ಎರಡು ಪಾಸ್‌ಬುಕ್ಕು, ಒಂದು ದೋಸ್ತಿ ಸರ್ಕಾರ: ಸಾಲಮನ್ನಾ ಸೇವೆ ನಮ್ಮ ಮನೆಗೆ ಮುಟ್ಟಿದ ಬಗೆ

ನಮ್ಮ ಮನೆಯ ಟ್ರಂಕಿನಲ್ಲಿ ಎರಡು ಪಾಸ್‌ಬುಕ್ ಇವೆ. ಒಂದು ನನ್ನ ಹೆಸರಿನದು, ಊರಿನ ಸೊಸೈಟಿಯದು, ಅಂದರೆ ಸಹಕಾರ ಸಂಘದ್ದು. ಇನ್ನೊಂದು ನಮ್ಮ ಮನೆಯವರದು, ಹೋಬಳಿಯ ಬ್ಯಾಂಕಿನದು. 2018ರ ಮೇ ತಿಂಗಳಿಂದ 2019ರ ಜುಲೈವರೆಗೆ ಕಾಂಗ್ರೆಸ್ಸೂ ಜೆಡಿಎಸ್ಸೂ ಸೇರಿ ನಡೆಸಿದ ಸರ್ಕಾರದ ಬಗ್ಗೆ ನಾನು ಏನು ಹೇಳುವುದಿದ್ದರೂ ಈ ಎರಡು ಪುಸ್ತಕ ನೋಡಿಕೊಂಡೇ ಹೇಳಬೇಕು. ಆ ಸರ್ಕಾರ ರೈತರಿಗೆ ಕೊಟ್ಟ ದೊಡ್ಡ ಸೇವೆ ಸಾಲಮನ್ನಾ. ಅದನ್ನು ಅರ್ಜಿ ಹಾಕುವುದರಿಂದ ಹಿಡಿದು ಕೊನೆಯ ಕಂತು ಜಮಾ ಆಗುವವರೆಗೂ ಓಡಾಡಿ ಪಡೆದವಳು ನಾನು. ಊರಲ್ಲಿ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವವಳೂ ನಾನೇ ಆದ್ದರಿಂದ ತಾರೀಖು, ಮೊತ್ತ ಬರೆದಿಟ್ಟುಕೊಳ್ಳುವ ರೂಢಿ ಇದೆ. ಅದನ್ನು ನೋಡಿಯೇ ಬರೆಯುತ್ತಿದ್ದೇನೆ.

ನಮ್ಮದು ಮಂಡ್ಯ ಜಿಲ್ಲೆ. ನನ್ನ ಹೆಸರಲ್ಲಿ 30 ಗುಂಟೆ ಗದ್ದೆ, ಮನೆಯವರ ಹೆಸರಲ್ಲಿ ಎರಡು ಎಕರೆ. ಭತ್ತ, ಕಬ್ಬು, ನೀರು ಕೈಕೊಟ್ಟ ವರ್ಷ ರಾಗಿ. ಮನೆಯವರು ಅವರಪ್ಪನ ಕಾಲದಿಂದಲೂ ಕಾಂಗ್ರೆಸ್. ನನ್ನ ತಮ್ಮ ದಳ, ಅಂದರೆ ಜೆಡಿಎಸ್. ನಮ್ಮ ಸೀಮೆಯಲ್ಲಿ ಆಗ ಬಿಜೆಪಿಯವರು ಊರಿಗೆ ನಾಲ್ಕು ಮನೆ ಇದ್ದರೆ ಹೆಚ್ಚು. ಜಿದ್ದು ಏನಿದ್ದರೂ ಕೈಗೂ ತೆನೆ ಹೊತ್ತ ಮಹಿಳೆಗೂ. ಪಂಚಾಯ್ತಿ ಎಲೆಕ್ಷನ್ನು, ಡೇರಿ ಎಲೆಕ್ಷನ್ನು, ಸೊಸೈಟಿ ಎಲೆಕ್ಷನ್ನು ಎಲ್ಲದರಲ್ಲೂ ಈ ಎರಡೇ ಗುಂಪು. ಒಂದೇ ಬೀದಿಯಲ್ಲಿ ಎದುರುಬದುರು ಮನೆಯವರು ಮದುವೆ ಪತ್ರಿಕೆ ಕೊಡದಷ್ಟು ಹಟ. ಹೊರಗಿನವರಿಗೆ ಕಾಂಗ್ರೆಸ್-ದಳ ಮೈತ್ರಿ ಎಂದರೆ ಎರಡು ಪಕ್ಷ ಸೇರಿದ ಸುದ್ದಿ. ನಮಗೆ ಅದು ನೀರಿನ ತೂಬಿಗೆ ಬಡಿದಾಡಿಕೊಂಡ ಇಬ್ಬರು ಒಂದೇ ನೊಗಕ್ಕೆ ಹೆಗಲು ಕೊಟ್ಟಂತೆ.

2018ರ ಮೇ 15ರಂದು ಫಲಿತಾಂಶ ಬಂತು. 222 ಕ್ಷೇತ್ರಕ್ಕೆ ಮತದಾನ ಆಗಿತ್ತು. ಬಿಜೆಪಿಗೆ 104, ಕಾಂಗ್ರೆಸ್ಸಿಗೆ 78, ದಳಕ್ಕೆ 37. ನಮ್ಮ ಜಿಲ್ಲೆಯ ಏಳಕ್ಕೆ ಏಳೂ ದಳಕ್ಕೆ ಹೋಯಿತು. ಮನೆಯವರು ಟಿವಿ ಆರಿಸಿ ಗದ್ದೆ ಕಡೆ ಹೋದವರು ಕತ್ತಲಾದರೂ ಬರಲಿಲ್ಲ. ಅಷ್ಟರಲ್ಲಿ 78 ಇರುವ ಕಾಂಗ್ರೆಸ್ಸು 37 ಇರುವ ದಳಕ್ಕೆ ಮುಖ್ಯಮಂತ್ರಿ ಸ್ಥಾನ ಬಿಟ್ಟುಕೊಟ್ಟಿತ್ತು. ಎರಡು ತಿಂಗಳಿಂದ ನಮ್ಮ ಹೊಸಿಲು ತುಳಿಯದಿದ್ದ ತಮ್ಮ ಮಾರನೇ ದಿನ ಎಳನೀರಿನ ಗೊನೆ ಹೊತ್ತುಕೊಂಡು ಬಂದ. ಮನೆಯವರು ಜಗಲಿ ಮೇಲೆ ಕೂತಿದ್ದವರು, "ಬಾರಪ್ಪ, ಈಗ ಗೆದ್ದೋರು ನೀವೋ ನಾವೋ ಒಂದೂ ತಿಳೀದಂಗಾಯ್ತು" ಅಂದರು. ತಮ್ಮ ಕೊಚ್ಚಿದ ಮೊದಲ ಎಳನೀರು ಅವರಿಗೇ ಕೊಟ್ಟ.

ನಡುವೆ ಯಡಿಯೂರಪ್ಪನವರು ಮೇ 17ಕ್ಕೆ ಪ್ರಮಾಣವಚನ ತೆಗೆದುಕೊಂಡು, ಸುಪ್ರೀಂ ಕೋರ್ಟು ಹೇಳಿದ ವಿಶ್ವಾಸಮತದ ದಿನ, 19ನೇ ತಾರೀಖು, ಮತಕ್ಕೆ ಹಾಕುವ ಮೊದಲೇ ರಾಜೀನಾಮೆ ಕೊಟ್ಟರು. 23ಕ್ಕೆ ವಿಧಾನಸೌಧದ ಮುಂದೆ ಕುಮಾರಸ್ವಾಮಿಯವರು ಮುಖ್ಯಮಂತ್ರಿ, ಪರಮೇಶ್ವರ್ ಉಪಮುಖ್ಯಮಂತ್ರಿ. ಆ ವೇದಿಕೆ ಮೇಲೆ ದೇಶದ ಅರ್ಧ ವಿರೋಧ ಪಕ್ಷವೇ ಕೈ ಕೈ ಹಿಡಿದು ನಿಂತಿತ್ತು. ನಾನು ಆ ದಿನ ನೋಡಿದ್ದು ಒಂದೇ: ನನ್ನ ತಮ್ಮನೂ ಮನೆಯವರೂ ಒಂದೇ ಚಾಪೆ ಮೇಲೆ ಕೂತು ಟಿವಿ ನೋಡಿದ್ದು. ಮದುವೆಯಾಗಿ 22 ವರ್ಷದಲ್ಲಿ ರಾಜಕೀಯದ ಸುದ್ದಿ ಬಂದಾಗ ಅವರಿಬ್ಬರೂ ಎದ್ದು ಹೋಗದೆ ಕೂತಿದ್ದು ಅದೇ ಮೊದಲು.

ಈಗ ಸೇವೆಯ ಮಾತಿಗೆ ಬರುತ್ತೇನೆ. ಚುನಾವಣೆಗೆ ಮೊದಲು ದಳ ಹೇಳಿದ್ದು, ಅಧಿಕಾರಕ್ಕೆ ಬಂದ 24 ಗಂಟೆಯಲ್ಲಿ ರೈತರ ಸಾಲ ಮನ್ನಾ. ಅಧಿಕಾರಕ್ಕೆ ಬಂದಾಗ ಪೂರ್ತಿ ಬಹುಮತ ಇರಲಿಲ್ಲ. ತಾವು ಕಾಂಗ್ರೆಸ್ಸಿನ ಮುಲಾಜಿನಲ್ಲಿದ್ದೇವೆ ಎಂದು ಮುಖ್ಯಮಂತ್ರಿಗಳೇ ಬಾಯಿಬಿಟ್ಟು ಹೇಳಿದರು. ಆ ಮಾತಿಗೆ ಊರಲ್ಲಿ ಬಹಳ ಜನ ಬೇಜಾರು ಮಾಡಿಕೊಂಡರು. ನನಗೆ ಹಾಗನ್ನಿಸಲಿಲ್ಲ. ಇನ್ನೊಬ್ಬರ ಎತ್ತು ಕಟ್ಟಿ ಉಳುವವನು ಸಾಲು ಹಿಡಿಯುವ ಮೊದಲು ಅವರನ್ನೊಂದು ಮಾತು ಕೇಳಲೇಬೇಕು. ಅದನ್ನು ಮುಚ್ಚಿಟ್ಟುಕೊಳ್ಳುವುದಕ್ಕಿಂತ ಹೇಳಿದ್ದೇ ಒಳ್ಳೆಯದು. ಆದರೆ 24 ಗಂಟೆ ಎಂಬುದನ್ನು ನಂಬಿ ಬ್ಯಾಂಕಿಗೆ ಬಡ್ಡಿ ಕಟ್ಟುವುದನ್ನು ನಿಲ್ಲಿಸಿದವರು ನಮ್ಮೂರಲ್ಲೇ ಹತ್ತಾರು ಜನ ಇದ್ದರು. ಅವರಿಗಾದ ನಷ್ಟವನ್ನು ಎರಡು ಪಕ್ಷಗಳಲ್ಲಿ ಯಾರೂ ಹೊತ್ತುಕೊಳ್ಳಲಿಲ್ಲ.

ಜುಲೈ 5ರ ಬಜೆಟ್ಟಿನಲ್ಲಿ 34,000 ಕೋಟಿ ರೂಪಾಯಿ ಸಾಲಮನ್ನಾ ಎಂದು ಬಂತು. ಒಂದು ಕುಟುಂಬಕ್ಕೆ 2 ಲಕ್ಷದವರೆಗೆ. ಮೊದಲು ಸುಸ್ತಿ ಸಾಲಕ್ಕೆ, ಅಂದರೆ ಗಡುವು ಮೀರಿದ ಸಾಲಕ್ಕೆ ಮಾತ್ರ ಎಂದರು, ನೆಟ್ಟಗೆ ಕಟ್ಟಿಕೊಂಡು ಬಂದವರಿಗೆ 25,000 ಎಂದರು. ಅದನ್ನು ಕೇಳಿ ನನಗೆ ಹೊಟ್ಟೆ ಉರಿಯಿತು. ಯಾಕೆಂದರೆ 2016ರಲ್ಲಿ ಕಾವೇರಿ ಬತ್ತಿ ಭತ್ತ ನಾಟಿಯೇ ಇಲ್ಲದ ವರ್ಷವೂ ಕಿವಿಯ ಓಲೆ ಅಡವಿಟ್ಟು ಬಡ್ಡಿ ಕಟ್ಟಿ ಸಾಲ ತಿರುವಿ ಹಾಕಿಸಿದವಳು ನಾನು. ಒಂದೇ ವಾರದಲ್ಲಿ, ಬಜೆಟ್ ಚರ್ಚೆಗೆ ಉತ್ತರ ಕೊಡುವಾಗ, ಸಹಕಾರ ಸಂಘಗಳ ಚಾಲ್ತಿ ಸಾಲವೂ 1 ಲಕ್ಷದವರೆಗೆ ಮನ್ನಾ ಎಂದು ಸೇರಿಸಿದರು. ಅದೇ ಬಜೆಟ್ಟಿನಲ್ಲಿ ಅನ್ನಭಾಗ್ಯದ ಅಕ್ಕಿ 7 ಕೆಜಿಯಿಂದ 5 ಕೆಜಿಗೆ ಇಳಿದಿತ್ತು. ಸಿದ್ದರಾಮಯ್ಯನವರು ಪತ್ರ ಬರೆದರು, ಮತ್ತೆ 7 ಕೆಜಿ ಆಯಿತು.

ಆ ದಿನಗಳು ಮೈತ್ರಿ ಸರ್ಕಾರದ ಒಳ್ಳೆಯ ಮುಖ ಎಂದು ನಾನು ಈಗಲೂ ಹೇಳುತ್ತೇನೆ. ಒಂದೇ ಪಕ್ಷದ ಸರ್ಕಾರದಲ್ಲಿ ಅಕ್ಕಿ ಇಳಿಸಿದರೆ ಆ ಪಕ್ಷದವರೇ ಎದ್ದು ನಿಂತು ಯಾಕೆ ಇಳಿಸಿದಿರಿ ಎಂದು ಬಹಿರಂಗವಾಗಿ ಕೇಳುವುದು ಅಪರೂಪ. ಇಲ್ಲಿ ಎರಡೂ ಪಕ್ಷದವರು ಕೂತು ಮಾತಾಡುವ ಸಮನ್ವಯ ಸಮಿತಿ ಎಂದು ಒಂದಿತ್ತು, ಅದರ ಅಧ್ಯಕ್ಷರು ಸಿದ್ದರಾಮಯ್ಯ. ಒಬ್ಬರ ಕೈಯಲ್ಲಿ ಸಾಲಮನ್ನಾ, ಇನ್ನೊಬ್ಬರ ಕೈಯಲ್ಲಿ ಅಕ್ಕಿ. ಬಡವರ ಮನೆಗೆ ಎರಡೂ ಉಳಿಯಿತು. ಇದಕ್ಕೆ ಕೊಟ್ಟ ಬೆಲೆ ಪೆಟ್ರೋಲಿಗೆ ಲೀಟರಿಗೆ 1 ರೂಪಾಯಿ 14 ಪೈಸೆ, ಡೀಸೆಲ್ಲಿಗೆ 1 ರೂಪಾಯಿ 12 ಪೈಸೆ. ಟಿಲ್ಲರ್ ಬಾಡಿಗೆ ಆ ಮುಂಗಾರಿಗೇ ಏರಿತು. ಸೆಪ್ಟೆಂಬರಿನಲ್ಲಿ ಸರ್ಕಾರ ತೆರಿಗೆ ತಗ್ಗಿಸಿ 2 ರೂಪಾಯಿ ಇಳಿಸಿತು, ಟಿಲ್ಲರಿನವರು ಬಾಡಿಗೆ ಇಳಿಸಲಿಲ್ಲ.

ಆ ವರ್ಷ ನೀರಿಗೆ ಕೊರತೆ ಇರಲಿಲ್ಲ. ನಾಲ್ಕು ವರ್ಷದ ಮೇಲೆ ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬಿ ಜುಲೈನಲ್ಲಿ ಬಾಗಿನ ಬಿಟ್ಟರು. ಆಗಸ್ಟ್ 11ಕ್ಕೆ ಪಾಂಡವಪುರ ತಾಲ್ಲೂಕಿನ ಸೀತಾಪುರದಲ್ಲಿ ಮುಖ್ಯಮಂತ್ರಿಗಳು ಗದ್ದೆಗಿಳಿದು ನಾಟಿ ಹಾಕಿದರು. ನಮ್ಮೂರಿಂದ ಟ್ರ್ಯಾಕ್ಟರಿನಲ್ಲಿ ಹೆಂಗಸರೆಲ್ಲ ಹೋಗಿದ್ದೆವು. ಬದುವಿನ ಮೇಲೆ ಕಾಲಿಡಲು ಜಾಗ ಇರಲಿಲ್ಲ. ನಾಟಿ ಮಾಡುವ ನನ್ನಂಥವಳಿಗೆ ಅದು ತೋರಿಕೆ ಅನ್ನಿಸಲಿಲ್ಲ. ಕೆಸರಿಗೆ ಇಳಿದವರಿಗೆ ಸೊಂಟ ಗೊತ್ತಾಗುತ್ತದೆ, ಅಷ್ಟು ಗೊತ್ತಾದರೂ ಸಾಕು ಅನ್ನಿಸಿತು.

ಸೊಸೈಟಿಯ ಕಥೆ ಬೇಗ ಮುಗಿಯುತ್ತದೆ, ಯಾಕೆಂದರೆ ಅಲ್ಲಿ ಕೆಲಸ ಚೆನ್ನಾಗಿ ಆಯಿತು. 2017ರ ಜೂನಿನಲ್ಲಿ ಸಿದ್ದರಾಮಯ್ಯನವರ ಸರ್ಕಾರ ಸಹಕಾರ ಸಂಘದ ಸಾಲ 50,000ದವರೆಗೆ ಮನ್ನಾ ಮಾಡಿದಾಗಲೇ ನನ್ನ ಹೆಸರು ಬಂದಿತ್ತು. ಆಮೇಲೆ 2018ರ ಮಾರ್ಚಿನಲ್ಲಿ ಮತ್ತೆ 70,000 ಬೆಳೆಸಾಲ ಎತ್ತಿದ್ದೆ. ಸೊಸೈಟಿ ಕಾರ್ಯದರ್ಶಿಗೆ ಹಿಂದಿನ ವರ್ಷದ ಅನುಭವ ಇತ್ತು, ಫಾರಂ ಕೈಗೆ ಬರುವ ಮೊದಲೇ ಆಧಾರ್, ಪಹಣಿ, ರೇಷನ್ ಕಾರ್ಡಿನ ಜೆರಾಕ್ಸ್ ತರಿಸಿ ಹೆಸರು ಹೆಸರಿಗೆ ಒಂದೊಂದು ಕವರ್ ಮಾಡಿಟ್ಟಿದ್ದರು. ಗಡುವು ಬಂದ ತಿಂಗಳು ಬಂದ ಹಾಗೆ ಮನ್ನಾ ಎಂದು ಹೇಳಿದರು. ನನ್ನ ಗಡುವು 2019ರ ಮಾರ್ಚ್. ಮಾರ್ಚ್ ಕೊನೆಗೆ ಪಾಸ್‌ಬುಕ್ಕಿನಲ್ಲಿ ಬಾಕಿ ಸೊನ್ನೆ. ಮರುವಾರ ಹೊಸ ಸಾಲವೂ ಸಿಕ್ಕಿತು. ಸೊಸೈಟಿ ಸಾಲಕ್ಕೆ ಗಡುವಿನೊಳಗೆ ಕಟ್ಟಿದರೆ ಬಡ್ಡಿ ಇಲ್ಲವಾದ್ದರಿಂದ ನಡುವೆ ನನಗೆ ಒಂದು ಪೈಸೆ ಹೊರೆ ಬೀಳಲಿಲ್ಲ. ರಾಜ್ಯದಲ್ಲಿ ಸುಮಾರು 20 ಲಕ್ಷ ರೈತರ 9,448 ಕೋಟಿ ಸಹಕಾರ ಸಾಲ ಎಂದು ಸರ್ಕಾರ ಆಗ ಹೇಳಿತ್ತು. ಆ 20 ಲಕ್ಷದಲ್ಲಿ ನಾನೊಬ್ಬಳು. ಈ ಭಾಗಕ್ಕೆ ಐದಕ್ಕೆ ಐದು ಕೊಡುತ್ತೇನೆ.

ಬ್ಯಾಂಕಿನದು ಬೇರೆ. ಅದನ್ನು ವಿವರವಾಗಿಯೇ ಬರೆಯಬೇಕು.

ಮನೆಯವರ ಹೆಸರಿನ ಬೆಳೆಸಾಲ 2017ರ ಡಿಸೆಂಬರ್ 31ಕ್ಕೆ 1,10,000 ಬಾಕಿ ಇತ್ತು. ಚಾಲ್ತಿ ಸಾಲ, ಸುಸ್ತಿಯಲ್ಲ. ವಾಣಿಜ್ಯ ಬ್ಯಾಂಕುಗಳ ಸಾಲಮನ್ನಾವನ್ನು ಮೊದಲು ಸೇಡಂ ಮತ್ತು ದೊಡ್ಡಬಳ್ಳಾಪುರ ತಾಲ್ಲೂಕುಗಳಲ್ಲಿ ಪ್ರಯೋಗಕ್ಕೆ ಮಾಡಿ, ಡಿಸೆಂಬರ್ 8ಕ್ಕೆ ದೊಡ್ಡಬಳ್ಳಾಪುರದಲ್ಲಿ ಋಣಮುಕ್ತ ಪತ್ರ ಹಂಚಿದರು. ಆಮೇಲೆ ನಮ್ಮ ಕಡೆ ಅರ್ಜಿ ತೆಗೆದುಕೊಳ್ಳಲು ಶುರು. ಬ್ಯಾಂಕಿನಲ್ಲಿ ದಿನಕ್ಕೆ ಇಷ್ಟೇ ಟೋಕನ್ ಎಂದಿದ್ದರಿಂದ ಜನ ಬೆಳಗಿನ ಜಾವ ನಾಲ್ಕಕ್ಕೇ ಬಾಗಿಲ ಮುಂದೆ ಚಪ್ಪಲಿ, ಕಲ್ಲು, ಬ್ಯಾಗು ಇಟ್ಟು ಸಾಲು ಹಿಡಿಯುತ್ತಿದ್ದರು. ಮೂರನೇ ದಿನಕ್ಕೆ ನಮಗೆ ಟೋಕನ್ ಸಿಕ್ಕಿತು.

ಕೌಂಟರಿನ ಹುಡುಗ ಒಳ್ಳೆಯವನೇ. ಕಂಪ್ಯೂಟರ್ ನೋಡಿ, "ಅಮ್ಮಾ, ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಮುಂದೆ ಇದೆ, ಪಹಣಿಯಲ್ಲಿ ಇನಿಷಿಯಲ್ಲೇ ಇಲ್ಲ, ನಮ್ಮ ಲೆಡ್ಜರಿನಲ್ಲಿ ಅಪ್ಪನ ಹೆಸರು ಪೂರ್ತಿ ಇದೆ. ಮೂರೂ ಒಬ್ಬರೇ ಅಂತ ನಾಡಕಚೇರಿಯಿಂದ ಬರೆಸಿಕೊಂಡು ಬನ್ನಿ" ಅಂದ. ಮನೆಯವರು ಕೌಂಟರ್ ಮುಂದೆ ನಿಂತು ತಮ್ಮ ಬೆರಳು ನೋಡಿಕೊಂಡರು. 30 ವರ್ಷ ಇದೇ ಬ್ಯಾಂಕಿಗೆ ಬಂದು ಹೋಗುತ್ತಿದ್ದ ಮನುಷ್ಯ, ನಾನು ನಾನೇ ಎಂದು ಬೇರೆಯವರು ಬರೆದುಕೊಡಬೇಕಾಯಿತಲ್ಲ ಎಂಬ ಸಂಕಟ. ಆಚೆ ಬಂದು ಬೀಡಿ ಹಚ್ಚಿದರು, ಮಾತಾಡಲಿಲ್ಲ.

ನಾಡಕಚೇರಿಯಲ್ಲಿ ಕಾಗದ ಮುಂದೆ ಹೋಗಲಿಲ್ಲ. ಇವತ್ತು ಸರ್ವರ್ ಇಲ್ಲ, ನಾಳೆ ಗ್ರಾಮಲೆಕ್ಕಿಗರು ಇಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಕಡೆ ಮಾಡುವುದು ಒಂದೇ, ಶಾಸಕರ ಕಡೆಯವರಿಂದ ಒಂದು ಫೋನ್ ಮಾಡಿಸುವುದು. ಹಿಂದಿನ ಐದು ವರ್ಷ ಸರ್ಕಾರ ಕಾಂಗ್ರೆಸ್ಸಿನದು, ಮನೆಯವರಿಗೆ ತಾಲ್ಲೂಕು ಆಫೀಸಿನಲ್ಲಿ ಒಂದಿಷ್ಟು ಬಳಕೆ ಇತ್ತು. ಈಗಲೂ ಅವರ ಪಕ್ಷ ಸರ್ಕಾರದಲ್ಲೇ ಇದೆ. ಕಂದಾಯ ಮಂತ್ರಿ ದೇಶಪಾಂಡೆಯವರು ಕಾಂಗ್ರೆಸ್ಸೇ. ಆದರೆ ಶಾಸಕರು ದಳ. ನಾನು ಹೋಗಿ ಕೇಳಿ ಎಂದರೆ ಇವರು, "ಅದ್ಯಾಕ್ ನಾನೋಗ್ಲಿ ಆ ದಳದೋರ್ ಬಾಗ್ಲಿಗೆ? ಆರ್ ತಿಂಗ್ಳ ಹಿಂದೆ ಅವರ ವಿರುದ್ಧ ಮೈಕ್ ಹಿಡ್ದು ಕೂಗಿವ್ನಿ" ಅಂದರು. ಕಾಂಗ್ರೆಸ್ ಮುಖಂಡರ ಹತ್ತಿರ ಹೋದರೆ, "ಈಗ ನಮ್ದೇನ್ ನಡೀತದಪ್ಪ, ಎಲ್ಲಾ ಅವರ್ದೆ" ಅಂದರು. ನಾನು ಶಾಸಕರ ಕಚೇರಿಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಾಗಿಯೇ ಕೂರಿಸಿದರು, ನೀರು ಕೊಟ್ಟರು. ಊರಿನ ಹೆಸರು, ಯಜಮಾನರ ಹೆಸರು ಕೇಳಿದ ಮೇಲೆ, "ಅವ್ರ್ ನಮ್ಗೆ ವೋಟ್ ಹಾಕ್ದೋರಲ್ಲ ಬುಡಿ ಅಕ್ಕ. ಕಂದಾಯ ಅವ್ರ್ ಪಕ್ಷದ್ ಮಂತ್ರಿದೇ ಅಲ್ವಾ, ಅಲ್ಲೇ ಕೇಳ್ಳಿ" ಅಂದರು.

ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಕೂತು ನನಗೆ ಅಳು ಬಂತು. ಬೆಂಗಳೂರಿನಲ್ಲಿ ಮಂತ್ರಿಗಿರಿ 22-12 ಎಂದು ಹಂಚಿಕೊಂಡರು, ಹಣಕಾಸು ಒಬ್ಬರಿಗೆ, ಗೃಹ ಇನ್ನೊಬ್ಬರಿಗೆ ಎಂದು ಬರೆದುಕೊಂಡು ಸಹಿ ಹಾಕಿದರು. ನಮ್ಮ ಹೋಬಳಿಗೆ ಆ ಒಪ್ಪಂದ ಬರಲೇ ಇಲ್ಲ. ಒಬ್ಬರ ಸರ್ಕಾರ ಇದ್ದಾಗ ಎದುರು ಪಕ್ಷದವರಿಗೆ ಕೆಲಸ ಆಗುವುದು ನಿಧಾನ, ಅದು ನಮಗೆ ಗೊತ್ತಿದ್ದದ್ದೇ. ಇಬ್ಬರ ಸರ್ಕಾರದಲ್ಲಿ ಎರಡೂ ಕಡೆಯವರು ನಮ್ಮನ್ನು ಆಚೆಯವರು ಅಂದುಕೊಂಡರು.

ಕೆಲಸ ಮಾಡಿಸಿದ್ದು ನನ್ನ ತಮ್ಮ. ಅವನಿಗೆ ವಿಷಯ ಹೇಳಿದ್ದೇ ತಡ, ಬೈಕ್ ತಂದು ಮನೆ ಮುಂದೆ ನಿಲ್ಲಿಸಿ, "ಹತ್ತಿ ಭಾವ" ಅಂದ. ಇವರು ಹತ್ತಲಿಲ್ಲ. ಅವನು ಎಂಜಿನ್ ಆರಿಸದೆ ಹಾಗೇ ನಿಂತ. ಕೊನೆಗೆ ಇವರು ಒಳಗೆ ಹೋಗಿ ಬಿಳಿ ಅಂಗಿ ಹಾಕಿಕೊಂಡು ಬಂದು ಹಿಂದೆ ಕೂತರು. ಆ ವಾರ ಮೂರು ದಿನ ಇಬ್ಬರೂ ಒಂದೇ ಬೈಕಿನಲ್ಲಿ ನಾಡಕಚೇರಿಗೆ, ತಾಲ್ಲೂಕು ಆಫೀಸಿಗೆ, ಬ್ಯಾಂಕಿಗೆ ಓಡಾಡಿದರು. ದಳದವರ ಹತ್ತಿರ ತಮ್ಮ ಮಾತಾಡುವನು, ಇವರಿಗೆ ಬಳಕೆ ಇದ್ದ ಕಡೆ ಇವರು ಮಾತಾಡುವರು. ನಮ್ಮನೆಯದು ಮುಗಿದ ಮೇಲೆ ಊರಿನ ಇನ್ನೂ 11 ಮನೆಯ ಕಾಗದ ಇಬ್ಬರೂ ಸೇರಿ ಸರಿಮಾಡಿಸಿದರು. ಕಾಂಗ್ರೆಸ್ ಮನೆ ಎಷ್ಟು ದಳದ ಮನೆ ಎಷ್ಟು ಎಂದು ಯಾರೂ ಲೆಕ್ಕ ಹಾಕಲಿಲ್ಲ. ಇಡೀ 14 ತಿಂಗಳಲ್ಲಿ ಮೈತ್ರಿ ಸರ್ಕಾರ ಅಂತ ನಾನು ಕಣ್ಣಾರೆ ಕಂಡದ್ದು ಆ ಬೈಕಿನ ಮೇಲೆ.

ಫೆಬ್ರವರಿಯಲ್ಲಿ ಮೊದಲ ಕಂತು 50,000 ಜಮಾ ಆಯಿತು. ಉಳಿದ 60,000 ಮುಂದಿನ ಕಂತಿನಲ್ಲಿ ಎಂದರು. ಬ್ಯಾಂಕಿನಲ್ಲಿ ಯಾಕೆ ತಡ ಎಂಬುದಕ್ಕೆ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಸೊಸೈಟಿ ರಾಜ್ಯ ಸರ್ಕಾರದ ಸಹಕಾರ ಇಲಾಖೆಯ ಕೈಕೆಳಗೆ ಬರುತ್ತದೆ. ರಾಷ್ಟ್ರೀಕೃತ ಬ್ಯಾಂಕು ಕೇಂದ್ರದ್ದು, ರಿಸರ್ವ್ ಬ್ಯಾಂಕಿನ ನಿಯಮದಂತೆ ನಡೆಯುವಂಥದ್ದು. ಅಲ್ಲಿ ರಾಜ್ಯ ಸರ್ಕಾರ ಆದೇಶ ಮಾಡಲು ಬರುವುದಿಲ್ಲ, ದುಡ್ಡು ಕಟ್ಟಿ ಸಾಲ ತೀರಿಸಬೇಕು, ಅದಕ್ಕೆ ಖಾತೆ ಖಾತೆಯನ್ನೂ ಆಧಾರ್, ರೇಷನ್ ಕಾರ್ಡು, ಸರ್ವೆ ನಂಬರಿನ ಜೊತೆ ತಾಳೆ ನೋಡಬೇಕು. ಒಂದೇ ಜಮೀನಿನ ಮೇಲೆ ಎರಡು ಮೂರು ಬ್ಯಾಂಕಿನಲ್ಲಿ ಸಾಲ ಎತ್ತಿದವರು, ರೈತರೇ ಅಲ್ಲದವರು ನುಸುಳಬಾರದು ಎಂದು ಮಾಡಿದ ತಾಳೆ ಅದು. ಆ ತಾಳೆ ನೋಡಿದ್ದು ಸರಿ ಎಂದೇ ನನ್ನ ಅಭಿಪ್ರಾಯ. ತಡವಾದದ್ದಕ್ಕೆಲ್ಲ ದೋಸ್ತಿ ಸರ್ಕಾರವನ್ನು ಬೈದವರು ಇದನ್ನು ನೋಡಲಿಲ್ಲ. ನನ್ನ ದೂರು ತಾಳೆಯ ಮೇಲಲ್ಲ, ತಾಳೆ ತಪ್ಪಿದವನಿಗೆ ದಾರಿ ಹೇಳುವವರು ಒಬ್ಬರೂ ಇರಲಿಲ್ಲ ಎಂಬುದರ ಮೇಲೆ.

ಅದಕ್ಕೆ ಸಾಕ್ಷಿ ನನ್ನ ಮೈದುನ. ನಮ್ಮದೂ ಅವನದೂ ಪಹಣಿ ಬೇರೆ, ಒಲೆ ಬೇರೆ, ಪಾಲಾಗಿ ಒಂಬತ್ತು ವರ್ಷವಾಗಿತ್ತು. ರೇಷನ್ ಕಾರ್ಡು ಮಾತ್ರ ಅತ್ತೆಯ ಹೆಸರಿನಲ್ಲಿ ಒಂದೇ. ಅವನಿಗೆ ಬ್ಯಾಂಕಿನಲ್ಲಿ 80,000 ಸಾಲ. ನನ್ನ ಸೊಸೈಟಿ ಸಾಲ 70,000, ಮನೆಯವರದು 1,10,000, ಒಟ್ಟು 1,80,000 ಆಯಿತಲ್ಲ, ಕಾರ್ಡಿನ ಲೆಕ್ಕದಲ್ಲಿ ನಿಮ್ಮ ಕುಟುಂಬಕ್ಕೆ ಉಳಿದದ್ದು 20,000 ಮಾತ್ರ ಎಂದರು. ಬೇರೆ ಕಾರ್ಡು ಮಾಡಿಸುತ್ತೇವೆ ಎಂದರೆ ಹಳೆಯ ಕಾರ್ಡೇ ಲೆಕ್ಕ ಎಂದರು. ತಹಶೀಲ್ದಾರರ ಅಧ್ಯಕ್ಷತೆಯ ತಾಲ್ಲೂಕು ಸಮಿತಿಗೆ ಅರ್ಜಿ ಹಾಕಬಹುದು ಎಂದು ತಿಳಿದದ್ದು ಮಾರ್ಚಿನಲ್ಲಿ. ಅರ್ಜಿ ಬರೆದವಳು ನಾನು. ಪಾಲುಪತ್ರ, ಎರಡೂ ಮನೆಯ ಕರೆಂಟ್ ಬಿಲ್ಲು, ಕಂದಾಯ ರಶೀದಿ ಎಲ್ಲ ಹಚ್ಚಿ ಕೊಟ್ಟೆವು. ಮುಂದೆ ತಮ್ಮನೂ ಮನೆಯವರೂ ಹೋಗಿ ಹಿಂದೆ ಬೀಳಬೇಕಿತ್ತು.

ಅಷ್ಟರಲ್ಲಿ ಲೋಕಸಭೆ ಚುನಾವಣೆ ಬಂತು. ಮಂಡ್ಯ ಸೀಟು ಮೈತ್ರಿಯಲ್ಲಿ ದಳಕ್ಕೆ, ಅಭ್ಯರ್ಥಿ ಮುಖ್ಯಮಂತ್ರಿಗಳ ಮಗ ನಿಖಿಲ್. ಎದುರಿಗೆ ಪಕ್ಷೇತರರಾಗಿ ಅಂಬರೀಶ್ ಅವರ ಹೆಂಡತಿ ಸುಮಲತಾ. ನಮ್ಮೂರಿನ ಕಾಂಗ್ರೆಸ್ಸಿನವರು ಹೆಚ್ಚಿನವರು ಸುಮಲತಾ ಕಡೆ ನಿಂತರು, ಮನೆಯವರೂ ನಿಂತರು. ತಮ್ಮ ಸಿಟ್ಟಿಗೆದ್ದ. "ನಾನ್ ನಿಮ್ಮನ್ನ ಬೈಕ್ ಹಿಂದೆ ಕೂರುಸ್ಕೊಂಡು ಊರೂರು ತಿರುಗ್ದೆ, ನೀವ್ ನಮ್ ಹುಡುಗನ್ನ ಸೋಲ್ಸಕ್ಕೆ ಹೊಂಟ್ರಲ್ಲ ಭಾವ" ಅಂದ. ಇವರು, "ನಮ್ಮನ್ನ ಯಾರ್ ಕೇಳಿ ಸೀಟ್ ಬುಟ್ಕೊಟ್ರು?" ಅಂದರು. ಇಬ್ಬರ ಮಾತಿನಲ್ಲೂ ನ್ಯಾಯ ಇತ್ತು, ಅದೇ ನನಗೆ ಹೆಚ್ಚು ಸಂಕಟ. ಏಪ್ರಿಲ್ 18ಕ್ಕೆ ಮತದಾನ, ಮೇ 23ಕ್ಕೆ ಫಲಿತಾಂಶ. ನಿಖಿಲ್ 1,25,876 ಮತದಿಂದ ಸೋತರು. ರಾಜ್ಯದ 28ರಲ್ಲಿ ಬಿಜೆಪಿಗೆ 25, ಮೈತ್ರಿಯ ಎರಡೂ ಪಕ್ಷಕ್ಕೆ ಒಂದೊಂದು. ಮೈಸೂರು, ಮಂಡ್ಯದ ಕಡೆ ಒಬ್ಬರ ವೋಟು ಇನ್ನೊಬ್ಬರಿಗೆ ಹೋಗಲಿಲ್ಲ ಎಂದು ಪತ್ರಿಕೆಯಲ್ಲಿ ಬರೆದರು. ನಮ್ಮನೆಯಲ್ಲೇ ಹೋಗಿರಲಿಲ್ಲ.

ಆಮೇಲೆ ತಮ್ಮ ಬೈಕ್ ತರಲಿಲ್ಲ. ಮೈದುನನ ಅರ್ಜಿಯ ಹಿಂದೆ ಬೀಳುವವರು ಇರಲಿಲ್ಲ. ಜೂನಿನಲ್ಲಿ ಮುಖ್ಯಮಂತ್ರಿಗಳು ಯಾದಗಿರಿಯ ಚಂಡರಕಿಯಿಂದ ಮತ್ತೆ ಗ್ರಾಮವಾಸ್ತವ್ಯ ಶುರುಮಾಡಿದಾಗ ನಮ್ಮ ಕಡೆಗೂ ಬಂದರೆ ಅರ್ಜಿ ಕೈಗೇ ಕೊಡೋಣ ಎಂದು ಇನ್ನೊಂದು ಪ್ರತಿ ಮಾಡಿಸಿಟ್ಟಿದ್ದೆ. ಜುಲೈ ಮೊದಲ ವಾರದಲ್ಲಿ ಶಾಸಕರ ರಾಜೀನಾಮೆ ಶುರು. ನಮ್ಮ ಜಿಲ್ಲೆಯ ಕೆ.ಆರ್.ಪೇಟೆ ಶಾಸಕರೂ ಅದರಲ್ಲಿದ್ದರು. 18ಕ್ಕೆ ವಿಶ್ವಾಸಮತ ಮಂಡಿಸಿ, ಎಳೆದು ಎಳೆದು 23ರ ಸಂಜೆ ಮತಕ್ಕೆ ಹಾಕಿದರು. ಪರ 99, ವಿರುದ್ಧ 105. ಟಿವಿಯಲ್ಲಿ ಸ್ಪೀಕರ್ ರಮೇಶ್ ಕುಮಾರ್ ಅವರು ಅದನ್ನು ಓದಿ ಹೇಳುವಾಗ ಮನೆಯವರು ಚಾಪೆ ಮೇಲೆ ಒಬ್ಬರೇ ಕೂತಿದ್ದರು.

ಬ್ಯಾಂಕಿನ ಉಳಿದ 60,000 ಜಮಾ ಆದದ್ದು ಸರ್ಕಾರ ಬದಲಾದ ಮೇಲೆ, ಯಡಿಯೂರಪ್ಪನವರ ಕಾಲದಲ್ಲಿ. ಒಂದು ಸರ್ಕಾರ ಶುರುಮಾಡಿದ್ದನ್ನು ಎದುರಾಳಿ ಸರ್ಕಾರ ನಮ್ಮ ಮಟ್ಟಿಗೆ ಮುಂದುವರಿಸಿತು, ಅದಕ್ಕೆ ಋಣಿಯಾಗಿದ್ದೇನೆ. ಬಡ್ಡಿಯ ಬಾಬ್ತು ಕೈಯಿಂದ ಹೋದದ್ದು ಸೇರಿಸಿ ನೋಡಿದರೂ ಎರಡು ಪಾಸ್‌ಬುಕ್ಕಿನಿಂದ 1,80,000 ಸಾಲ ಇಳಿಯಿತು. ಅಡವಿಟ್ಟ ಓಲೆ ಬಿಡಿಸಿಕೊಂಡೆ, ಮಗಳನ್ನು ಡಿಪ್ಲೊಮಾ ಬಿಡಿಸದೆ ಓದಿಸಿದೆ. ಸಾಲಮನ್ನಾದಿಂದ ರೈತ ಉದ್ಧಾರವಾಗುವುದಿಲ್ಲ ಎಂದು ಹೇಳುವವರಿದ್ದಾರೆ. ನನಗೆ ಆ ದೊಡ್ಡ ಲೆಕ್ಕ ಗೊತ್ತಿಲ್ಲ, ಆ ಎರಡು ವರ್ಷ ನಮ್ಮನೆಯಲ್ಲಿ ರಾತ್ರಿ ನಿದ್ದೆ ಬಂತು ಎಂಬುದು ಗೊತ್ತು.

ನನಗೆ ನೆನಪಿರುವ ಇಂಥ ಸರ್ಕಾರ ಇದೊಂದೇ ಅಲ್ಲ. 2004ರಲ್ಲೂ 79, 65, 58 ಎಂದು ಮೂರು ಪಾಲಾಗಿ ಧರ್ಮಸಿಂಗ್ ಅವರು ಮುಖ್ಯಮಂತ್ರಿಯಾದರು, ಆಗ ದಳದಿಂದ ಉಪಮುಖ್ಯಮಂತ್ರಿ ಆದವರು ಸಿದ್ದರಾಮಯ್ಯನವರೇ. 2006ರಲ್ಲಿ ದಳ-ಬಿಜೆಪಿ 20 ತಿಂಗಳು 20 ತಿಂಗಳು ಎಂದು ಮಾತಾಡಿಕೊಂಡವು, ಎರಡನೇ 20 ಕೈಗೂಡಲಿಲ್ಲ. ಮೂರಕ್ಕೆ ಮೂರೂ ಪೂರ್ತಿ ಅವಧಿ ಬಾಳಲಿಲ್ಲ. ಈಗ ದಳ ಬಿಜೆಪಿ ಜೊತೆಗಿದೆ, ಕುಮಾರಸ್ವಾಮಿಯವರು 2024ರಲ್ಲಿ ಅದೇ ಮಂಡ್ಯದಿಂದ ಗೆದ್ದು ಕೇಂದ್ರ ಮಂತ್ರಿಯಾಗಿದ್ದಾರೆ. ಮುಂದೆ ಯಾರು ಯಾರ ಜೊತೆ ಸೇರಿದರೂ ನನ್ನದೊಂದು ಬೇಡಿಕೆ ಇದೆ. ಕನಿಷ್ಠ ಕಾರ್ಯಕ್ರಮ ಅಂತ ಬೆಂಗಳೂರಿನಲ್ಲಿ ಬರೆದುಕೊಳ್ಳುವ ದಿನವೇ ತಾಲ್ಲೂಕಿಗೊಂದು ಕೋಣೆ, ಅಲ್ಲಿ ಎರಡೂ ಪಕ್ಷದ ಒಬ್ಬೊಬ್ಬರು, ಒಂದು ರಿಜಿಸ್ಟರು ಇಡಲಿ. ಬಂದವರ ಊರು ಕೇಳಲಿ, ಯಜಮಾನರು ಯಾರಿಗೆ ವೋಟು ಹಾಕಿದರು ಎಂದು ಕೇಳದಿರಲಿ.

ಸೊಸೈಟಿಯ ಭಾಗಕ್ಕೆ ಐದು ಕೊಟ್ಟಿದ್ದೇನೆ. ಬ್ಯಾಂಕಿನ ಭಾಗಕ್ಕೆ ಮೂರು, ಅದರಲ್ಲಿ ಒಂದು ನನ್ನ ತಮ್ಮನ ಬೈಕಿನದು. ಮೈದುನನಿಗೆ ಆದದ್ದಕ್ಕೆ ಏನೂ ಕೊಡಲಾರೆ.

ಅವನ ಹೆಸರು ಆಮೇಲೆ ಸಮಿತಿಯಲ್ಲಿ ಒಪ್ಪಿಗೆಯಾಗಿ ಗ್ರೀನ್ ಲಿಸ್ಟಿಗೆ, ಅಂದರೆ ಮನ್ನಾಕ್ಕೆ ಅರ್ಹರಾದವರ ಪಟ್ಟಿಗೆ ಬಂತು, ದುಡ್ಡು ಬರಲಿಲ್ಲ. ಎರಡು ವರ್ಷ ಕಾದು, ಬಡ್ಡಿ ಸೇರಿ 1,06,000 ಆದಮೇಲೆ ಹಸು ಎರಡು ಮಾರಿ ಕಟ್ಟಿದ. ಗ್ರೀನ್ ಲಿಸ್ಟಿನಲ್ಲಿ ಹೆಸರಿದ್ದು ಹಣ ಬಾರದವರು ಇನ್ನೂ ಇದ್ದಾರೆ. ಅಂಥವರು ಅರ್ಜಿಯ ಸ್ವೀಕೃತಿ ಚೀಟಿ ಕಳೆಯಬೇಡಿ, ಬ್ಯಾಂಕಿನಿಂದ ಖಾತೆಯ ಸ್ಟೇಟ್‌ಮೆಂಟ್ 2017ರ ಡಿಸೆಂಬರಿನಿಂದ ತೆಗೆಸಿ ಇಟ್ಟುಕೊಳ್ಳಿ. ಮೈದುನನದು ನಾನು ತೆಗೆಸಿಟ್ಟಿದ್ದೇನೆ. ಹೋದ ಸಂಕ್ರಾಂತಿಗೆ ಎಳ್ಳು ಕೊಡಲು ಬಂದ ತಮ್ಮ ಆ ಕವರ್ ನೋಡಿ, ಒಳಗಿನ ಕಾಗದ ಒಂದೊಂದೇ ತಿರುವಿ, "ಸೋಮವಾರ ಭಾವ ಬಿಡುವಾಗವ್ರಾ?" ಅಂತ ಕೇಳಿದ.